ವ್ಯಾಟ್‌ನ ಉಗಿಯಂತ್ರವನ್ನು ನೋಡಿ ಅರಿಯುವ ಬಗೆ

ಬೌಲ್ಟನ್ ಮತ್ತು ವ್ಯಾಟ್ 1788ರಲ್ಲಿ ನಿರ್ಮಿಸಿದ, ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿರುವ ಉಗಿಯಂತ್ರದ ಮುಂದೆ ನಿಂತಾಗ ಮೊದಲು ಸಿಲಿಂಡರನ್ನು ಗುರುತಿಸಿ, ಅಲ್ಲಿಂದ ಉಗಿ ಹೊರಹೋಗುವ ದಾರಿಯನ್ನು ಅನುಸರಿಸಿ. ಅದು ಪ್ರತ್ಯೇಕವಾದ ಕಂಡೆನ್ಸರನ್ನು, ಅಂದರೆ ಉಗಿಯನ್ನು ತಣಿಸಿ ನೀರಾಗಿಸುವ ಪಾತ್ರೆಯನ್ನು, ತಲುಪುತ್ತದೆ. ಯಂತ್ರದ ಮರ್ಮವಿರುವುದೇ ಅಲ್ಲಿ, ಆದ್ದರಿಂದ ಅವಸರಪಡಬೇಡಿ. 1712ರ ನ್ಯೂಕೊಮೆನ್ ಯಂತ್ರದಲ್ಲಿ ಸಿಲಿಂಡರಿನೊಳಕ್ಕೇ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದುದರಿಂದ, ತಣ್ಣಗಾದ ಲೋಹವನ್ನು ಪ್ರತಿ ಸಲವೂ ಮತ್ತೆ ಕಾಯಿಸಲು ಅಪಾರ ಕಲ್ಲಿದ್ದಲು ಉರಿಯುತ್ತಿತ್ತು. ಅದು ಬಹುಮಟ್ಟಿಗೆ ಕಲ್ಲಿದ್ದಲು ಅಗ್ಗವಾಗಿದ್ದ ಗಣಿಗಳಲ್ಲೇ ಬಳಕೆಯಾದದ್ದು ಇದೇ ಕಾರಣಕ್ಕೆ. ವ್ಯಾಟ್ 1769ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಸಿಲಿಂಡರ್ ಸದಾ ಬಿಸಿಯಾಗಿಯೇ ಉಳಿಯುತ್ತದೆ.

ಬಳಿಕ ಸಿಲಿಂಡರಿನ ಮೇಲೆ ಒಂದು ತುದಿಯಿದ್ದು ತಕ್ಕಡಿಯ ದಂಡದಂತೆ ತೂಗುವ ತೊಲೆಯ ಇನ್ನೊಂದು ತುದಿಗೆ ಬನ್ನಿ. ಅಲ್ಲಿ ಒಂದು ಹಲ್ಲುಚಕ್ರ ಇನ್ನೊಂದನ್ನು ಸುತ್ತುತ್ತಾ, ಮೇಲೆ ಕೆಳಗೆ ಆಡುವ ಚಲನೆಯನ್ನು ತಿರುಗುವ ಚಲನೆಯಾಗಿ ಮಾರ್ಪಡಿಸುತ್ತದೆ. ನೀರೆತ್ತುವುದಕ್ಕಷ್ಟೇ ಸೀಮಿತವಾಗಿದ್ದ ಉಗಿಯ ಬಲ ಕಾರ್ಖಾನೆಯನ್ನು ಪ್ರವೇಶಿಸಿದ್ದು ಇದರಿಂದಲೇ: ಇದೇ ಯಂತ್ರ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಕಾರ್ಖಾನೆಯಲ್ಲಿ ಲೋಹಕ್ಕೆ ಹೊಳಪು ಕೊಡುವ 43 ಯಂತ್ರಗಳನ್ನು ನಡೆಸಿತು. ನೀರುಚಕ್ರಕ್ಕೆ ಹೊಳೆಯ ದಂಡೆ ಅನಿವಾರ್ಯವಾಗಿತ್ತು. ಉಗಿಯನ್ನು ನೆಚ್ಚಿದ ಹತ್ತಿ ಗಿರಣಿಗಳು ಮ್ಯಾಂಚೆಸ್ಟರಿನಂತಹ ಪಟ್ಟಣಗಳ ನಡುವೆಯೇ ತಲೆಯೆತ್ತಿದವು.

ಕೊನೆಯಲ್ಲಿ, ತಿರುಗುವ ಎರಡು ಗುಂಡುಗಳ ವೇಗನಿಯಂತ್ರಕವನ್ನು ಗಮನಿಸಿ: ವೇಗ ಹೆಚ್ಚಿದಾಗ ಗುಂಡುಗಳು ಹೊರಕ್ಕೆ ಸರಿದು ಉಗಿಯ ಹರಿವನ್ನು ತಗ್ಗಿಸುತ್ತವೆ.