ಬಳಕೆದಾರ ಎದ್ದು ಹೋದದ್ದು ಸರ್ವರ್‌ಗೆ ತಿಳಿಯುವುದು ಹೇಗೆ?

40 ನಿಮಿಷ ಕುಳಿತು ಅರ್ಜಿ ತುಂಬಿ ‘ಸಲ್ಲಿಸು’ ಗುಂಡಿ ಒತ್ತಿದರೆ ಎದುರಿಗೆ ಬರುವುದು ಲಾಗಿನ್ ಪುಟ. ಬರೆದದ್ದೆಲ್ಲ ನೀರುಪಾಲು. ಈ ಸಿಟ್ಟನ್ನು ನಿಮ್ಮ ಬಳಕೆದಾರರಿಗೆ ಉಣಿಸಬಾರದೆಂದಿದ್ದರೆ ಸೆಷನ್ ಮುಗಿಯುವ ಬಗೆಯನ್ನು ಮೊದಲೇ ಯೋಚಿಸಿಡಬೇಕು.

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿ ಎಚ್‌ಟಿಟಿಪಿ. ಅದಕ್ಕೆ ನೆನಪಿನ ಶಕ್ತಿಯಿಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸ ಮುಖವೇ. ಈ ಮರೆವಿಗೆ ಮದ್ದಾಗಿ 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಹುಟ್ಟಿದ್ದು ಕುಕಿ: ಸರ್ವರ್ ಕೊಟ್ಟು, ಬ್ರೌಸರ್ ಪ್ರತಿ ಕೋರಿಕೆಯ ಜೊತೆ ಮರಳಿ ಕಳುಹಿಸುವ ಪುಟ್ಟ ಚೀಟಿ. ಅದರೊಳಗೆ ಒಂದು ಗುರುತಿನ ಸಂಖ್ಯೆ, ಸರ್ವರ್‌ನಲ್ಲಿ ಅದಕ್ಕೆ ಹೊಂದುವ ದಾಖಲೆ: ಸೆಷನ್ ಎಂದರೆ ಇಷ್ಟೇ. ಆದರೆ ಬಳಕೆದಾರ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರೆ ಯಾವ ಸುದ್ದಿಯೂ ಬರುವುದಿಲ್ಲ. ಸರ್ವರ್ ಕೇಳಿಸಿಕೊಳ್ಳುವುದು ಮೌನವನ್ನು ಮಾತ್ರ. ಆ ಮೌನ ಎಷ್ಟು ಹೊತ್ತಾದರೆ ‘ಹೋದರು’ ಎಂದು ತೀರ್ಮಾನಿಸಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ.

ಹಾಗಾಗಿ ಮೊದಲ ಕೆಲಸ ಗಡುವು ನಿಗದಿ. ಒಂದಲ್ಲ, ಎರಡು ಬೇಕು: ಸುಮ್ಮನಿದ್ದರೆ ಎಷ್ಟು ನಿಮಿಷ, ಬಳಸುತ್ತಲೇ ಇದ್ದರೂ ಒಟ್ಟು ಎಷ್ಟು ತಾಸು. ವೆಬ್ ತಾಣ ಕಟ್ಟಲು ಬಳಸುವ ಸಿದ್ಧ ತಂತ್ರಾಂಶಗಳು ತಾವಾಗಿ ಕೊಡುವ ಅವಧಿಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಟಾಮ್‌ಕ್ಯಾಟ್‌ನದು 30 ನಿಮಿಷ, ಜಾಂಗೊ ಕುಕಿಯದು ಎರಡು ವಾರ. ಪಿಎಚ್‌ಪಿಯದು 1,440 ಸೆಕೆಂಡು, ಅಂದರೆ 24 ನಿಮಿಷ, ಅದೂ ಖಾತರಿಯಲ್ಲ. ಅಲ್ಲಿ ಹಳೆಯ ಸೆಷನ್‌ಗಳ ಕಸ ಗುಡಿಸುವ ಕೆಲಸ ಆಗೊಮ್ಮೆ ಈಗೊಮ್ಮೆ ನಡೆಯುವುದರಿಂದ ಅವಧಿ ಮೀರಿದ ಸೆಷನ್ ಇನ್ನೂ ಉಸಿರಾಡುತ್ತಿರಬಹುದು. ಕೊನೆಯ ಚಟುವಟಿಕೆಯ ಸಮಯವನ್ನು ದಾಖಲೆಯಲ್ಲೇ ಬರೆದಿಟ್ಟು, ಪ್ರತಿ ಕೋರಿಕೆಯಲ್ಲೂ ನೀವೇ ತಾಳೆ ನೋಡಿ.

ಮುಂದೆ, ‘ಚಟುವಟಿಕೆ’ ಎಂದರೆ ಯಾವುದು ಎಂದು ಗೆರೆ ಎಳೆಯಿರಿ. ಇಲ್ಲಿ ನಾನೇ ಎಡವಿದ್ದೇನೆ. ಹೊಸ ಸಂದೇಶ ಬಂತೇ ಎಂದು 30 ಸೆಕೆಂಡಿಗೊಮ್ಮೆ ಸರ್ವರ್ ಅನ್ನು ಕೇಳುವ ಪುಟ್ಟ ಕೋಡ್ ಬರೆದಿದ್ದೆ. ಪ್ರತಿ ವಿಚಾರಣೆಯೂ ಗಡುವನ್ನು ಮುಂದಕ್ಕೆ ತಳ್ಳುತ್ತಿತ್ತು. ಖಾಲಿ ಕುರ್ಚಿಯ ಮುಂದಿನ ಟ್ಯಾಬ್ ರಾತ್ರಿಯಿಡೀ ಲಾಗಿನ್ ಆಗಿಯೇ ಇತ್ತು. ಇಂಥ ಹಿನ್ನೆಲೆ ಕೋರಿಕೆಗಳು ಗಡುವನ್ನು ಮುಟ್ಟದಂತೆ ಬೇರೆ ದಾರಿಯಲ್ಲಿ ಕಳುಹಿಸಿ.

ಟ್ಯಾಬ್ ಮುಚ್ಚಿದ ಕ್ಷಣವನ್ನೇ ಹಿಡಿಯೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ, ಬಿಟ್ಟುಬಿಡಿ. ಪುಟ ರಿಫ್ರೆಶ್ ಮಾಡಿದರೂ ಅದೇ ಸೂಚನೆ ಬರುತ್ತದೆ, ಮೊಬೈಲ್‌ನಲ್ಲಿ ಆ್ಯಪ್ ಸರಿಸಿದರೆ ಬಾರದೆಯೂ ಇರಬಹುದು.

ಎಚ್ಚರಿಕೆ ತೋರಿಸುವುದು ಬ್ರೌಸರ್‌ನ ಪಾಲಿನ ಕೆಲಸ. ಲ್ಯಾಪ್‌ಟಾಪ್ ನಿದ್ರಿಸಿದರೆ ಪುಟದ ಟೈಮರ್ ಕೂಡ ನಿದ್ರಿಸುತ್ತದೆ. ಎದ್ದಾಗ ‘ಇನ್ನೂ 10 ನಿಮಿಷವಿದೆ’ ಎಂದು ಸುಳ್ಳು ಹೇಳುತ್ತದೆ. ಪುಟ ಮತ್ತೆ ಕಣ್ಣಿಗೆ ಬಿದ್ದ ಕೂಡಲೇ, ಗಡುವನ್ನು ಬೆಳೆಸದ ಆ ಬೇರೆ ದಾರಿಯಲ್ಲೇ, ಉಳಿದ ಸಮಯವನ್ನು ಸರ್ವರ್‌ನಿಂದ ಕೇಳಿ ಪಡೆಯಿರಿ. ಎಚ್ಚರಿಕೆ ಬಂದ ಮೇಲೆ ಅವಧಿ ವಿಸ್ತರಿಸಲು ಕನಿಷ್ಠ 20 ಸೆಕೆಂಡು ಕೊಡಬೇಕು, ಒಂದು ಕೀಲಿ ಒತ್ತುವಷ್ಟು ಸುಲಭವಾಗಿರಬೇಕು ಎನ್ನುತ್ತದೆ ವೆಬ್ ಪುಟಗಳು ಅಂಗವಿಕಲರಿಗೂ ಎಟುಕುವಂತಿರಲು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿ. ನಿಧಾನವಾಗಿ ಓದುವವರಿಗೆ 20 ಸೆಕೆಂಡು ಏನೇನೂ ಸಾಲದು. ಒಂದೆರಡು ನಿಮಿಷ ಕೊಡಿ.

ಅಷ್ಟಾದರೂ ಸೆಷನ್ ಮುಗಿಯಿತೆನ್ನಿ. ಪುಟದ ಒಳಗಿನಿಂದ ಬರುವ ಕೋರಿಕೆಗೆ ಸರ್ವರ್ 401, ಅಂದರೆ ‘ಲಾಗಿನ್ ಆಗಿಲ್ಲ’, ಎಂದು ನೇರವಾಗಿ ಉತ್ತರಿಸಲಿ. ಬದಲಿಗೆ ಲಾಗಿನ್ ಪುಟದ ಕಡೆ ತಿರುಗಿಸಿದರೆ ಬ್ರೌಸರ್ ತೆಪ್ಪಗೆ ಅಲ್ಲಿಗೆ ಹೋಗಿ, 200 ಎಂಬ ಯಶಸ್ಸಿನ ಮುದ್ರೆಯೊಂದಿಗೆ ಎಚ್‌ಟಿಎಂಎಲ್ ಹೊತ್ತು ತರುತ್ತದೆ. ಜೇಸನ್ ರೂಪದ ದತ್ತಾಂಶಕ್ಕಾಗಿ ಕಾದಿದ್ದ ನಿಮ್ಮ ಕೋಡ್ ಮೊದಲ ‘<’ ಚಿಹ್ನೆಗೇ ಮುಗ್ಗರಿಸುತ್ತದೆ. 401 ಕಂಡಾಗ ಪುಟವನ್ನು ಬದಲಿಸಬೇಡಿ. ಅದರ ಮೇಲೆಯೇ ಸಣ್ಣ ಲಾಗಿನ್ ಚೌಕ ತೆರೆಯಿರಿ. ಕೆಳಗೆ ಅರ್ಜಿ ಹಾಗೆಯೇ ಉಳಿಯುತ್ತದೆ. ಮರಳಿ ಲಾಗಿನ್ ಆದ ಬಳಿಕ ನಿಂತ ಕೋರಿಕೆಯನ್ನು ಮತ್ತೆ ಕಳುಹಿಸಿ, ಆದರೆ ಹಳೆಯ ಸಿಎಸ್‌ಆರ್‌ಎಫ್ ಟೋಕನ್ (ಕೋರಿಕೆ ನಿಮ್ಮ ಪುಟದಿಂದಲೇ ಬಂದಿದೆ ಎಂದು ತೋರಿಸುವ ಗುಪ್ತ ಸಂಕೇತ) ಹೊಸ ಸೆಷನ್‌ಗೆ ನಡೆಯುವುದಿಲ್ಲ, ಹೊಸದನ್ನು ಪಡೆಯಿರಿ. ಬೇರೊಬ್ಬರು ಲಾಗಿನ್ ಆಗಿದ್ದರೆ ಅರ್ಧ ತುಂಬಿದ ಅರ್ಜಿಯನ್ನು ಅಳಿಸಿಹಾಕಿ.

ಲಾಗ್‌ಔಟ್ ಗುಂಡಿ ಕುಕಿಯನ್ನಷ್ಟೇ ಅಳಿಸಿದರೆ ಸಾಲದು, ಸರ್ವರ್‌ನ ದಾಖಲೆಯೂ ಹೋಗಬೇಕು. ಖಾಸಗಿ ಪುಟಗಳಿಗೆ, ಪ್ರತಿ ಉಳಿಸಿಕೊಳ್ಳಬೇಡ ಎಂದು ಬ್ರೌಸರ್‌ಗೆ ಹೇಳುವ ‘ನೋ-ಸ್ಟೋರ್’ ಸೂಚನೆ ಹಚ್ಚಿದರೆ ಹಿಂದಕ್ಕೆ ಹೋಗುವ ಗುಂಡಿ ಒತ್ತಿದವರಿಗೆ ಹಳೆಯ ಪುಟ ಕಾಣುವ ಸಂಭವ ಕಡಿಮೆ. ಸರ್ವರ್‌ನಲ್ಲಿ ದಾಖಲೆ ಇಡುವ ಬದಲು ಬಳಕೆದಾರರ ಗುರುತನ್ನು ಸಹಿ ಹಾಕಿದ ಟೋಕನ್‌ನಲ್ಲೇ ಇಟ್ಟು ಕೊಡುವ ಜೆಡಬ್ಲ್ಯುಟಿ ಬಳಸುವವರು ಅದರ ಆಯಸ್ಸನ್ನು ನಿಮಿಷಗಳಲ್ಲೇ ಇಡಿ. ಕೊಟ್ಟ ಟೋಕನ್ ಅನ್ನು, ಪ್ರತ್ಯೇಕ ನಿಷೇಧ ಪಟ್ಟಿ ಇಲ್ಲದಿದ್ದರೆ, ವಾಪಸು ಪಡೆಯಲಾಗದು.

ಕೊನೆಗೆ ಪರೀಕ್ಷೆ. ಪರೀಕ್ಷಾ ಸರ್ವರ್‌ನಲ್ಲಿ ಗಡುವನ್ನು ಒಂದು ನಿಮಿಷಕ್ಕೆ ಇಳಿಸಿ. ಎರಡು ಟ್ಯಾಬ್ ತೆರೆದು ಒಂದರಲ್ಲಿ ಅರ್ಜಿ ತುಂಬುತ್ತಿರಿ, ಇನ್ನೊಂದರಲ್ಲಿ ಲಾಗ್‌ಔಟ್ ಆಗಿ. ಆಮೇಲೆ ಮತ್ತೆ ಲಾಗಿನ್ ಆಗಿ ಲ್ಯಾಪ್‌ಟಾಪ್ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆದು, ‘ಸಲ್ಲಿಸು’ ಒತ್ತಿ ನೋಡಿ.