ಬ್ರೇಕ್ ಆಯಿಲ್ ಬದಲಿಸಿದ ದಿನ

ಮೂರು ವರ್ಷದಿಂದ ನನ್ನ ಕಾರಿನ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ತಿಳಿ ಹಳದಿ ಇದ್ದದ್ದು ಕಡು ಕಂದಾಗಿತ್ತು. ಆದರೆ ನನಗೆ ಭಯ ಹುಟ್ಟಿಸಿದ್ದು ಬಣ್ಣವಲ್ಲ, ಅದರೊಳಗೆ ಸೇರಿರುವ ನೀರು. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆಯಿಲ್ ಕುದ್ದು ಆವಿಯ ಗುಳ್ಳೆ ಏಳಬಹುದು. ಆಯಿಲ್ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಆಗ ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲೋದಿಲ್ಲ.

ಸೀಲ್ ಒಡೆಯದ ಒಂದು ಲೀಟರ್ ಡಾಟ್ 4, ರಿಂಗ್ ಸ್ಪ್ಯಾನರ್, ಪಾರದರ್ಶಕ ಟ್ಯೂಬ್, ಬಾಟಲಿ, ಸಿರಿಂಜ್ ಜೋಡಿಸಿಕೊಂಡೆ. ಗಾಡಿಯನ್ನು ಜಾಕಿಯ ಮೇಲೆ ಸುಮ್ನೆ ಬಿಡದೆ ಸ್ಟ್ಯಾಂಡ್ ಕೊಟ್ಟೆ. ಮೊದಲು ಸಿರಿಂಜಿನಿಂದ, ಬಾನೆಟ್ ಕೆಳಗೆ ಬ್ರೇಕ್ ಆಯಿಲ್ ತುಂಬಿರುವ ಡಬ್ಬಿ, ಅಂದರೆ ರಿಸರ್ವಾಯರ್‌ನ ಹಳೆ ಆಯಿಲ್ ಬಹುಪಾಲು ಎಳೆದು ಹೊಸದನ್ನು ತುಂಬಿಸಿದೆ. ಪೇಂಟ್ ಮೇಲೆ ಒಂದು ಹನಿ ಬಿತ್ತು, ತಕ್ಷಣ ನೀರು ಸುರಿದು ತೊಳೆದೆ. ಬಿಟ್ಟರೆ ಬಣ್ಣವನ್ನೇ ತಿಂದುಬಿಡುತ್ತದೆ.

ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ರಿಸರ್ವಾಯರ್‌ನಿಂದ ಅತಿ ದೂರದ ಹಿಂದಿನ ಚಕ್ರದಿಂದ ಶುರು. ಹಳೆ ಆಯಿಲ್ ಹೊರಬಿಡಲು ಚಕ್ರದ ಬ್ರೇಕಿನಲ್ಲಿರುವ ಪುಟ್ಟ ತಿರುಪು, ಅಂದರೆ ಟ್ಯೂಬ್ ಸಿಕ್ಕಿಸುವ ಬ್ಲೀಡರ್ ನಿಪ್ಪಲ್, ತುಕ್ಕು ಹಿಡಿದು ಅಲುಗಲೇ ಇಲ್ಲ. ಬಲ ಹಾಕಿದರೆ ಮುರಿಯುತ್ತದೆ ಅಂತ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಕಾದೆ. ಆ ಕಾಯುವಿಕೆ ವ್ಯರ್ಥವಾಗಲಿಲ್ಲ.

ತಮ್ಮ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ. ಅವನು ಒತ್ತಿ ಹಿಡಿಯಬೇಕು, ನಾನು ನಿಪ್ಪಲ್ ತಿರುಗಿಸಬೇಕು, ಹಳೆ ಆಯಿಲ್ ಹರಿದ ಮೇಲೆ ಮುಚ್ಚಬೇಕು, ಆಮೇಲಷ್ಟೇ ಅವನು ಕಾಲು ಎತ್ತಬೇಕು. ಎರಡನೇ ಸಲವೇ ತಪ್ಪಾಯಿತು. ನಿಪ್ಪಲ್ ಸಡಿಲಿಸುತ್ತಾ ನಾನು 'ಬಿಡ್ತಿದ್ದೀನಿ' ಅಂದೆ. ಅವನಿಗೆ 'ಬಿಡು' ಅಂತ ಕೇಳಿಸಿತು, ಕಾಲು ಎತ್ತಿಬಿಟ್ಟ. ಟ್ಯೂಬಿನಲ್ಲಿದ್ದ ಹಳೆ ಆಯಿಲ್ ಗುಳ್ಳೆ ಸಮೇತ ಒಳಕ್ಕೆ ಸರಿಯಿತು. ಆ ಚಕ್ರವನ್ನು ಮತ್ತೆ ಮೊದಲಿಂದ ಮಾಡಿದೆವು. ಅಲ್ಲಿಂದಾಚೆ ನಮ್ಮ ನಡುವೆ ಎರಡೇ ಮಾತು: 'ಒತ್ತು', 'ಎತ್ತು'. ಪ್ರತಿಯೊಂದನ್ನೂ ಅವನು ತಿರುಗಿ ಹೇಳಬೇಕು. ಪೆಡಲ್ ಕೆಳಗೆ ಮರದ ತುಂಡು ಕೂಡ ಇಟ್ಟೆ. ಹಳೆ ಗಾಡಿಯಲ್ಲಿ ಪೆಡಲ್ ಪೂರ್ತಿ ಕೆಳಗಿಳಿದರೆ, ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಕೆಡಬಹುದು, ಅಲ್ವಾ?

ಏಳೆಂಟು ಸಲ ಒತ್ತಿದಾಗಲೆಲ್ಲ ಎದ್ದು ಹೋಗಿ ರಿಸರ್ವಾಯರ್ ನೋಡುತ್ತಿದ್ದೆ. ಇದರಲ್ಲಿ ನಾನು ಜಾಸ್ತಿ ಹಟ ಹಿಡಿದೆ. ಅದು ಬರಿದಾದರೆ ಗಾಳಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಘಟಕ) ಒಳಗೆ ಹೋಗಬಹುದು. ಅನೇಕ ಗಾಡಿಗಳಲ್ಲಿ ಅದನ್ನು ಹೊರತೆಗೆಯಲು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ.

ಟ್ಯೂಬಿನಲ್ಲಿ ಗುಳ್ಳೆಯಿಲ್ಲದ ತಿಳಿ ಆಯಿಲ್ ಬಂದಾಗ ಒಂದೊಂದೇ ಚಕ್ರ ಮುಗಿಯಿತು. ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿದೆ. ಗಟ್ಟಿಯಾಗಿತ್ತು, ನಿಧಾನಕ್ಕೆ ಇಳಿಯಲಿಲ್ಲ. ಮೊದಲು ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿದೆ. ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ನಾಲ್ಕೂ ನಿಪ್ಪಲ್ ಮುಟ್ಟಿದೆ. ಒಣಗಿದ್ದವು. ಅವುಗಳ ರಬ್ಬರ್ ಟೋಪಿ ಹಾಕಿ ಎದ್ದೆ.