ತಪ್ಪು ಪುಸ್ತಕ ಮತ್ತು ಗಡುವಿನ ಚೀಟಿ: ಎಫ್‌ಡಿಎ ತಯಾರಿಯಲ್ಲಿ ಗೆಲುವನ್ನು ಅಳೆದ ಬಗೆ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಎಫ್‌ಡಿಎ, ಅಂದರೆ ಸರ್ಕಾರದ ಪ್ರಥಮ ದರ್ಜೆ ಸಹಾಯಕ ಹುದ್ದೆಯ ಪರೀಕ್ಷೆಗೆ ಓದಿದವರಿಗೆ ಪಠ್ಯಕ್ರಮ, ಓಎಂಆರ್ (ಉತ್ತರದ ವೃತ್ತ ತುಂಬುವ ಹಾಳೆ), ಕಟ್‌ಆಫ್ (ಆಯ್ಕೆಗೆ ಬೇಕಾದ ಕನಿಷ್ಠ ಅಂಕ) ಇದೆಲ್ಲ ವಿವರಿಸಬೇಕಿಲ್ಲ. ಯಾವ ಪುಸ್ತಕ ಓದಬೇಕು ಅಂತಲೂ ಬರೆಯುವುದಿಲ್ಲ, ಎಲ್ಲರ ಟ್ರಂಕಿನಲ್ಲೂ ಅವೇ ಏಳೆಂಟು ಇರುತ್ತವೆ. ಓದುವ ಹುರುಪು ತಿಂಗಳುಗಟ್ಟಲೆ ಆರದಂತೆ ಇಟ್ಟುಕೊಳ್ಳಲು ಏನನ್ನು ಎಣಿಸಬೇಕು, ಯಾವುದನ್ನು ‘ಗೆದ್ದೆ’ ಅಂತ ಕರೆಯಬೇಕು ಎಂಬುದಷ್ಟೇ ಇಲ್ಲಿ. ಈ ಪದ್ಧತಿ ಶುರು ಮಾಡಿದಾಗ ರೂಮಿನವರು ‘ಓದೋದು ಬಿಟ್ಟು ಲೆಕ್ಕ ಬರೀತಾನ, ಕಿರಾಣಿ ಅಂಗಡಿ ಇಡಾಂವ’ ಅಂತ ನಗುತ್ತಿದ್ದರು. ಎಫ್‌ಡಿಎ ಪಟ್ಟಿಯಲ್ಲಿ ನಂಬರು ಬಂದ ಮೇಲೆ ಅವರಲ್ಲೇ ಮೂವರು ನೋಟ್‌ಬುಕ್ ಝೆರಾಕ್ಸ್ ಕೇಳಿದರು. ಝೆರಾಕ್ಸ್ ಮಾಡಿಸಿಕೊಂಡರೆ ಉಪಯೋಗವಿಲ್ಲ, ಕಾರಣ ಮುಂದೆ ಬರುತ್ತದೆ.

ಮೊದಲು ದುಡ್ಡು. ಹಳೆಯ ರೀತಿಯಲ್ಲಿ ಓದಿದ ಮೊದಲ ವರ್ಷದ ಖರ್ಚು, ನೆನಪಿದ್ದಷ್ಟು: ಕೋಚಿಂಗ್ 22 ಸಾವಿರ, ಕಾಟ್ (ರೂಮಿನಲ್ಲಿ ಒಂದು ಮಂಚದ ಜಾಗ) ಬಾಡಿಗೆ ತಿಂಗಳಿಗೆ 2 ಸಾವಿರದಂತೆ 24 ಸಾವಿರ, ಖಾನಾವಳಿ ಸುಮಾರು 31 ಸಾವಿರ, ರೀಡಿಂಗ್ ರೂಮಿನ ಕ್ಯಾಬಿನ್ 6 ಸಾವಿರ, ಪುಸ್ತಕ ಮತ್ತು ಮಾಸಪತ್ರಿಕೆ 7-8 ಸಾವಿರ, ಅರ್ಜಿ ಶುಲ್ಕ ಮತ್ತು ಪರೀಕ್ಷೆಗೆ ಓಡಾಟ 5 ಸಾವಿರ. ಒಟ್ಟು ಲಕ್ಷಕ್ಕೆ ನಾಲ್ಕೈದು ಸಾವಿರ ಕಡಿಮೆ. ಇಷ್ಟಕ್ಕೆ ಬಂದ ಫಲ ಅಂದರೆ ಜಿಕೆ (ಸಾಮಾನ್ಯ ಜ್ಞಾನ) ಮಾದರಿ ಪರೀಕ್ಷೆಯ ಅಂಕ 58ರಿಂದ 61ಕ್ಕೆ ಏರಿದ್ದು. ಒಂದು ಅಂಕಕ್ಕೆ ಮೂವತ್ತು ಸಾವಿರ!

ಆ ವರ್ಷ ಎಣಿಸುತ್ತಿದ್ದದ್ದು ತಾಸುಗಳನ್ನು. ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ ದಿನಕ್ಕೆ 10 ತಾಸು, 11 ತಾಸು, ಒಂದು ದಿನವಂತೂ 14. ತಾಸು ಎಣಿಸತೊಡಗಿದರೆ ಮನಸ್ಸು ತಾಸನ್ನೇ ಬೆಳೆಸುತ್ತದೆ. ಗೊತ್ತಿರುವ ಅಧ್ಯಾಯವನ್ನೇ ಮತ್ತೆ ಓದುತ್ತದೆ, ಯಾಕೆಂದರೆ ಅಲ್ಲಿ ಕೂತಿರುವುದು ಸುಲಭ. ಕದಂಬರು, ಚಾಲುಕ್ಯರು ಆರು ಸಲ ಆದರು, ಅಂಕಗಣಿತದ ಶೇಕಡಾವಾರು ಲೆಕ್ಕ ಒಮ್ಮೆಯೂ ಆಗಲಿಲ್ಲ.

ಎರಡನೇ ತಪ್ಪು, ಗೆಲುವು ಅಂದರೆ ಆಯ್ಕೆ ಪಟ್ಟಿ ಮಾತ್ರ ಅಂದುಕೊಂಡದ್ದು. ಪಟ್ಟಿ ನಮ್ಮ ಕೈಯಲ್ಲಿಲ್ಲ. 2021ರ ಜನವರಿ 24ಕ್ಕೆ ಇದ್ದ ಎಫ್‌ಡಿಎ ಪರೀಕ್ಷೆ ಹಿಂದಿನ ದಿನ ಪ್ರಶ್ನೆಪತ್ರಿಕೆ ಸೋರಿ ಫೆಬ್ರವರಿ 28ಕ್ಕೆ ಹೋಯಿತು. ಅದು ಬರೀ ಒಂದು ತಿಂಗಳ ಮಾತು. 545 ಪಿಎಸ್‌ಐ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಬರೆದವರು ಮರುಪರೀಕ್ಷೆ ಬರೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷ ಮೂರು ತಿಂಗಳು ಯಾವ ಹುರುಪಿನ ಮೇಲೆ ಓದುತ್ತೀರಿ? ಅಷ್ಟು ದೂರದ, ಅಷ್ಟು ಅಲುಗಾಡುವ ಗೂಟಕ್ಕೆ ಹಗ್ಗ ಕಟ್ಟಿದರೆ ಪ್ರತಿ ಮುಂದೂಡಿಕೆಗೂ ಮೂರು ವಾರ ಓದು ನಿಲ್ಲುತ್ತದೆ. ನಿಂತಿತ್ತು ಕೂಡ.

ಹಾಗಾಗಿ ಗೆಲುವನ್ನು ಎರಡು ಮಾಡಿಕೊಂಡೆ. ವಾರದ ಗೆಲುವು ಒಂದು, ಪೂರ್ತಿ ನನ್ನ ಕೈಯಲ್ಲಿರುವುದು. ಇನ್ನೊಂದು ದೊಡ್ಡದು, ಅದಕ್ಕೆ ಗಡುವು.

ವಾರದ ಗೆಲುವಿನ ಅಳತೆ ‘ಮರುತಪ್ಪು’. ಒಮ್ಮೆ ತಪ್ಪಾದ ಪ್ರಶ್ನೆ ಮತ್ತೆ ತಪ್ಪಾದರೆ ಅದು ಮರುತಪ್ಪು. ಬೇಕಾದದ್ದು 200 ಪುಟದ ಉದ್ದ ನೋಟ್‌ಬುಕ್ ಒಂದು, ಸ್ಕೇಲು, ಎರಡು ಬಣ್ಣದ ಪೆನ್ನು. ಪುಟಕ್ಕೆ ನಾಲ್ಕು ಕಾಲಂ: ತಾರೀಖು, ಪ್ರಶ್ನೆ (ಒಂದೇ ಸಾಲಲ್ಲಿ, ಸ್ವಂತ ಮಾತಲ್ಲಿ), ಯಾಕೆ ತಪ್ಪಾಯಿತು, ಮರುಪರೀಕ್ಷೆ. ಮೂರನೇ ಕಾಲಮ್ಮಿಗೆ ಒಂದೊಂದೇ ಅಕ್ಷರ. ಗೊ ಅಂದರೆ ಗೊತ್ತೇ ಇರಲಿಲ್ಲ, ಮ ಅಂದರೆ ಓದಿ ಮರೆತದ್ದು, ಓ ಅಂದರೆ ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು, ಊ ಅಂದರೆ ಊಹೆ. ನಾಲ್ಕನೇ ಕಾಲಮ್ಮಿನಲ್ಲಿ ಮೂರು ಚಿಕ್ಕ ಚೌಕ: ಮೂರನೇ ದಿನ, ಹತ್ತನೇ ದಿನ, ಮೂವತ್ತನೇ ದಿನ. ಆ ದಿನ ನೆನಪಾದರೆ ನೀಲಿ ಟಿಕ್, ಇಲ್ಲವಾದರೆ ಕೆಂಪು ಗೆರೆ. ಭಾನುವಾರ ಕೆಂಪು ಗೆರೆ ಎಣಿಸಬೇಕು.

ಉತ್ತರವನ್ನು ಪ್ರಶ್ನೆಯ ಪಕ್ಕದಲ್ಲಿ ಬರೆಯಬಾರದು. ಮೊದಲ ನೋಟ್‌ಬುಕ್ ಕೆಟ್ಟದ್ದೇ ಅಲ್ಲಿ. ಕಣ್ಣು ಉತ್ತರದ ಮೇಲೆ ಬಿದ್ದ ಕೂಡಲೇ ‘ಇದು ಗೊತ್ತು’ ಅನ್ನಿಸುತ್ತದೆ, ಟಿಕ್ ಬೀಳುತ್ತದೆ, ಪರೀಕ್ಷಾ ಹಾಲ್‌ನಲ್ಲಿ ಮಾತ್ರ ಬರುವುದಿಲ್ಲ. ಎರಡನೇ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗೆ ಕ್ರಮಸಂಖ್ಯೆ ಹಾಕಿ ಉತ್ತರವನ್ನು ಕೊನೆಯ ಪುಟದಿಂದ ಹಿಂದಕ್ಕೆ ಬರೆದೆ. ಇಷ್ಟೇ ಬದಲಾವಣೆಗೆ ಮರುತಪ್ಪು ಒಂದೇ ವಾರದಲ್ಲಿ ಹೆಚ್ಚೂಕಡಿಮೆ ಎರಡು ಪಟ್ಟಾಯಿತು. ಹೆದರಬೇಡಿ, ಮೊದಲಿನ ಲೆಕ್ಕ ಸುಳ್ಳಾಗಿತ್ತು ಅಂತಷ್ಟೇ ಅದರರ್ಥ.

ಇನ್ನೊಂದು ಎಡವಟ್ಟು, ಎಲ್ಲ ತಪ್ಪನ್ನೂ ಬರೆಯಲು ಹೋಗುವುದು. ಒಂದು ಪತ್ರಿಕೆಯಲ್ಲಿ 38 ತಪ್ಪಾದರೆ 38ನ್ನೂ ಬರೆದು ಮುಗಿಸುವಷ್ಟರಲ್ಲಿ ಸಂಜೆ ಹೋಗಿರುತ್ತದೆ. ಪತ್ರಿಕೆಗೆ 12ರ ಮೇಲೆ ಬರೆಯಬೇಡಿ. ವಾರಕ್ಕೆ ಮೂರು ಪತ್ರಿಕೆ ಅಂದರೆ 36 ಸಾಲು, ಪ್ರತಿಯೊಂದಕ್ಕೆ ಮೂರು ಮರುಪರೀಕ್ಷೆ, ಪದ್ಧತಿ ಹಳಿಗೆ ಬಂದ ಮೇಲೆ ವಾರಕ್ಕೆ ಸುಮಾರು 108. ದಿನಕ್ಕೆ 15-16 ಪ್ರಶ್ನೆ, ಹದಿನೈದು ನಿಮಿಷ. ಇದಕ್ಕಿಂತ ಭಾರವಾದರೆ ಎರಡನೇ ತಿಂಗಳು ಕೈಬಿಡುತ್ತೀರಿ. ಪುಟಕ್ಕೆ 20 ಸಾಲು ಹಿಡಿದರೆ ಒಂದು ನೋಟ್‌ಬುಕ್ ವರ್ಷ ಪೂರ್ತಿ ಬರುತ್ತದೆ. ಆ 12ನ್ನು ಹೇಗೆ ಆರಿಸುತ್ತಿದ್ದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಇನ್ನೂ ಒಂದು ಪರೀಕ್ಷೆ ಬರೆಯುವುದಿದೆ, ಕ್ಷಮಿಸಿ. ಸುಳಿವು ಬೇಕಾದರೆ, ಗೊ ಅಕ್ಷರದವು ಅದರಲ್ಲಿ ಕಡಿಮೆ.

ಅಕ್ಷರಗಳನ್ನು ಎಣಿಸಿದಾಗ ಕಂಡದ್ದು ಓ ಗುಂಪಿನ ಹಾವಳಿ. 38 ತಪ್ಪಿನಲ್ಲಿ 8-9 ಬರೀ ಓದುವಾಗ ಆದದ್ದು. ‘ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ’ ಅಂದಲ್ಲಿ ಸರಿಯಾದದ್ದನ್ನು ಗುರುತಿಸುವುದು, ‘1 ಮತ್ತು 3 ಮಾತ್ರ’ ಅಂದಲ್ಲಿ ‘ಮಾತ್ರ’ ನುಂಗುವುದು. ಇದಕ್ಕೆ ಓದು ಮದ್ದಲ್ಲ. ಪ್ರಶ್ನೆ ಓದುತ್ತ ‘ಅಲ್ಲ’, ‘ಹೊರತುಪಡಿಸಿ’, ‘ತಪ್ಪಾದ’ ಇವುಗಳ ಮೇಲೆ ಪೆನ್ನಿನಿಂದ ಸುತ್ತು ಹಾಕುವುದೇ ಮದ್ದು. ಪ್ರಶ್ನೆಪುಸ್ತಿಕೆಯ ಮೇಲೆ ಮಾತ್ರ, ಓಎಂಆರ್ ಮೇಲಲ್ಲ. ನಾಲ್ಕು ವಾರದಲ್ಲಿ ಓ ತಪ್ಪು ಎರಡಕ್ಕಿಳಿಯಿತು. ವರ್ಷವಿಡೀ ಕೋಚಿಂಗ್‌ನಲ್ಲಿ ಸಿಗದ ಆರೇಳು ಅಂಕ ಎರಡು ರೂಪಾಯಿ ರೀಫಿಲ್‌ನಲ್ಲಿ ಸಿಕ್ಕಿತು. ಝೆರಾಕ್ಸ್ ಉಪಯೋಗವಿಲ್ಲ ಅಂದದ್ದೂ ಇದಕ್ಕೇ. ನನ್ನ ತಪ್ಪು ನಿಮ್ಮ ತಪ್ಪಲ್ಲ.

ಸಮಯದ ಲೆಕ್ಕ ನಿಮಗೆ ಗೊತ್ತಿದೆ, 90 ನಿಮಿಷಕ್ಕೆ 100 ಪ್ರಶ್ನೆ, ತಲಾ 54 ಸೆಕೆಂಡು. ಆದರೆ ವೃತ್ತ ತುಂಬಲು ತಲಾ 4-5 ಸೆಕೆಂಡು ಹೋಗುತ್ತದೆ, ಒಟ್ಟು 7-8 ನಿಮಿಷ. ಹಾಗಾಗಿ ಕೈಗೆ ಸಿಗುವುದು 49 ಸೆಕೆಂಡು. ಕೊನೆಗೆ ಒಟ್ಟಿಗೆ ತುಂಬಲು ಇಟ್ಟುಕೊಂಡವರು ಸಾಲು ತಪ್ಪುತ್ತಾರೆ. ಪುಸ್ತಿಕೆಯ ಒಂದು ಪುಟ ಮುಗಿದ ಕೂಡಲೇ ತುಂಬಿ ಮುಂದೆ ಹೋಗಿ.

ಊಹೆಯ ಬಗ್ಗೆ ರೂಮಿನಲ್ಲಿ ದೊಡ್ಡ ಜಗಳವಿತ್ತು. ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ, ಹಾಗಾಗಿ ಮುಟ್ಟಲೇಬಾರದು ಎಂಬುದು ಬಹುಮತ. ಲೆಕ್ಕ ಹಾಕಿ ನೋಡಿ. ಏನೂ ಗೊತ್ತಿಲ್ಲದ 16 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು. ಗಳಿಕೆ 4, ಕಳೆತ 3, ಉಳಿದದ್ದು 1. ಒಂದು ಆಯ್ಕೆ ಖಚಿತವಾಗಿ ತಪ್ಪು ಅಂತ ಗೊತ್ತಿರುವ 12 ಪ್ರಶ್ನೆಗೆ 4 ಸರಿ, 8 ತಪ್ಪು, ಉಳಿಯುವುದು 2. ಎರಡು ಆಯ್ಕೆ ಹೋದರೆ 8 ಪ್ರಶ್ನೆಗೆ 4 ಸರಿ, 4 ತಪ್ಪು, ಉಳಿಯುವುದು 3. ಕಣ್ಣುಮುಚ್ಚಿ ಹಾಕುವುದರಲ್ಲಿ ಲಾಭ ಪುಡಿಗಾಸು, ಅದೃಷ್ಟ ಕೆಟ್ಟರೆ ನಷ್ಟವೂ ಉಂಟು, ಬಿಟ್ಟರೂ ನಡೆಯುತ್ತದೆ. ಎರಡು ಆಯ್ಕೆ ಹೋದ ಮೇಲೂ ಬಿಡುವುದು ಮೂರ್ಖತನ. ಸುಮಾರು 300 ಊಹೆಗಳನ್ನು ಊ ಗುರುತು ಹಾಕಿ ಬರೆದಿಟ್ಟೆ. ಎರಡರ ನಡುವೆ ಆರಿಸಿದ್ದರಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು ಸರಿ. ಕೊನೆಯ ಐದು ನಿಮಿಷದಲ್ಲಿ ತಿದ್ದಬೇಕು ಅನ್ನಿಸಿದವನ್ನು ಬೇರೆ ಎಣಿಸಿದೆ, ಅದರ ಫಲಿತಾಂಶ ನನ್ನಲ್ಲೇ ಇರಲಿ. ನಿಮ್ಮದನ್ನು ನೀವೇ ಎಣಿಸಿ, ಮಂದಿಯಿಂದ ಮಂದಿಗೆ ಬೇರೆ ಬರುತ್ತದೆ.

ದಿನದ ಕೆಲಸಕ್ಕೆ ತಾಸಿನ ಬದಲು ‘ಗಟ್ಟಿ’ ಎಣಿಸಿದೆ. ಒಂದು ಗಟ್ಟಿ ಅಂದರೆ ಫೋನು ಬೇರೆ ಕೋಣೆಯಲ್ಲಿಟ್ಟ 50 ನಿಮಿಷ. ದಿನಕ್ಕೆ ಐದು ಗಟ್ಟಿಯಾದರೆ ದಿನ ಗೆದ್ದಿತು. ನಂಬಲಿಕ್ಕೆ ಕಷ್ಟ, ಆದರೆ 11 ತಾಸು ಅಂತ ಬರೆದ ದಿನಗಳಲ್ಲಿ ಗಟ್ಟಿ ಲೆಕ್ಕ ಹಿಡಿದರೆ ನಾಲ್ಕೂ ಇರುತ್ತಿರಲಿಲ್ಲ. ಜ್ವರ, ಜಾತ್ರೆ, ಮದುವೆ ಬಂದರೆ ‘ಬಡ ದಿನ’: ಹಳೆಯ 20 ಪ್ರಶ್ನೆ ಸಾಕು, ಅದೂ ಗೆದ್ದ ದಿನವೇ. ಕ್ಯಾಲೆಂಡರ್ ಮೇಲೆ ಸರಪಳಿಯಂತೆ ದಿನಾ ಗುರುತು ಹಾಕುವುದನ್ನೂ ನೋಡಿದೆ. 23ನೇ ದಿನ ತುಂಡಾಯಿತು, ಆಮೇಲೆ ಒಂದು ವಾರ ಪುಸ್ತಕ ಮುಟ್ಟಲಿಲ್ಲ. ವಾರಕ್ಕೆ ಏಳರಲ್ಲಿ ಐದು ಅಂತ ಮಾಡಿಕೊಂಡ ಮೇಲೆ ತುಂಡಾಗುವ ಭಯ ಹೋಯಿತು.

ಪಕ್ಕದ ಪ್ರಯೋಗಗಳು ಬೇಕಾದಷ್ಟು. ಪ್ರತಿ ಮರುತಪ್ಪಿಗೆ ಡಬ್ಬಿಗೆ 10 ರೂಪಾಯಿ ದಂಡ ಅಂತ ರೂಮ್‌ಮೇಟ್ ಜೊತೆ ಒಪ್ಪಂದವಾಯಿತು. ಮೊದಲ ಎರಡು ವಾರ ಭರ್ಜರಿ, ಮೂರನೇ ವಾರದಿಂದ ಇಬ್ಬರೂ ತಪ್ಪು ಬಚ್ಚಿಡತೊಡಗಿದೆವು. ದುಡ್ಡು ಕಳೆಯುತ್ತದೆ ಅಂದರೆ ಕೈ ತಾನಾಗಿ ನೀಲಿ ಪೆನ್ನು ಹಿಡಿಯುತ್ತದೆ. ಡಬ್ಬಿಯಲ್ಲಿದ್ದ 400 ಚಿಲ್ಲರೆ ರೂಪಾಯಿಗೆ ಗಿರ್ಮಿಟ್ ತಿಂದು ಮುಗಿಸಿದೆವು. ಪ್ರೇರಣೆಯ ವಿಡಿಯೊಗಳನ್ನೂ ಅಳೆದೆ: 20 ನಿಮಿಷದ ವಿಡಿಯೊ ನೋಡಿದ ಮೇಲೆ ಹುರುಪು ಸುಮಾರು 40 ನಿಮಿಷ ಇರುತ್ತದೆ, ಆದರೆ ಒಂದು ನೋಡಿದ ಹತ್ತು ದಿನಗಳಲ್ಲಿ ಏಳು ದಿನ ಎರಡನೆಯದೂ ಮೂರನೆಯದೂ ಓಡಿದ್ದವು. ಲೆಕ್ಕ ನಷ್ಟದ್ದೇ. ಸ್ವಂತ ದನಿಯಲ್ಲಿ ಟಿಪ್ಪಣಿ ರೆಕಾರ್ಡ್ ಮಾಡಿ ಕೆಲಗೇರಿ ಕೆರೆ ಸುತ್ತ ನಡೆಯುತ್ತ ಕೇಳಿದ್ದು ಕನ್ನಡ ವ್ಯಾಕರಣಕ್ಕೆ ಚೆನ್ನಾಗಿ ಹತ್ತಿತು: ತತ್ಸಮ-ತದ್ಭವ, ಸಂಧಿ, ನಾಣ್ಣುಡಿ. ಇಸವಿಗಳಿಗೆ ಒಂದಿಷ್ಟೂ ಹತ್ತಲಿಲ್ಲ. ಮಧ್ಯಾಹ್ನದ ಪತ್ರಿಕೆಗೆ ಖಾನಾವಳಿಯ ನಾಲ್ಕು ರೊಟ್ಟಿಯನ್ನು ಎರಡಕ್ಕಿಳಿಸಿ, ವಾರಕ್ಕೊಂದು ಮಾದರಿ ಪರೀಕ್ಷೆಯನ್ನು ಎರಡೂವರೆಗೇ ಬರೆದದ್ದು ಸಣ್ಣದಾದರೂ ಖರೆ ಲಾಭ ಕೊಟ್ಟಿತು.

ಈಗ ಅಂಕಿ. ಮೊದಲ ತಿಂಗಳು 100 ಮರುಪರೀಕ್ಷೆಗೆ 35-40 ಮರುತಪ್ಪು, ಐದನೇ ತಿಂಗಳಿಗೆ 10-12. ಈ ಸಂಖ್ಯೆ ಇಳಿಯತೊಡಗಿದ್ದು ಮೂರನೇ ವಾರದಲ್ಲಿ. ಮಾದರಿ ಪರೀಕ್ಷೆಯ ಅಂಕ ಅಲುಗಾಡಿದ್ದು ಒಂಬತ್ತು-ಹತ್ತನೇ ವಾರದಲ್ಲಿ, ಆಮೇಲೆ 61ರಿಂದ 79-80ರ ತನಕ ಬಂತು. ನಡುವಿನ ಆರೇಳು ವಾರವೇ ಹೆಚ್ಚಿನವರು ಪದ್ಧತಿ ಬಿಟ್ಟು ಹೊಸ ಪುಸ್ತಕ ಕೊಳ್ಳುವ ಕಾಲ. ಅಂಕವನ್ನು ಮಾತ್ರ ನೋಡುತ್ತಿದ್ದರೆ ನಾನೂ ಬಿಡುತ್ತಿದ್ದೆ. ಬೇಗ ಅಲುಗಾಡುವ ಸಂಖ್ಯೆಯೊಂದು ಕೈಯಲ್ಲಿದ್ದದ್ದಕ್ಕೇ ಕೂತೆ.

ದೊಡ್ಡ ಗೆಲುವಿಗೆ ಗಡುವಿನ ಚೀಟಿ. ಮನೆಯವರಿಗೆ ಸಿಟ್ಟು ಬಂದದ್ದು ಇದಕ್ಕೇ, ‘ಅಪಶಕುನ ಯಾಕ ಬರೀತಿ’ ಅಂತ. ನಮ್ಮಲ್ಲಿ ಆಗ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40 ಇತ್ತು. ಅದು ಸೌಲಭ್ಯ ನಿಜ, ಆದರೆ ಬಲೆಯೂ ಹೌದು. ‘ಇನ್ನೂ ವಯಸ್ಸಿದೆ’ ಅನ್ನುತ್ತ ಹತ್ತು ವರ್ಷ ಕಳೆದವರು ಪ್ರತಿ ರೀಡಿಂಗ್ ರೂಮಿನಲ್ಲೂ ಸಿಗುತ್ತಾರೆ. ನನ್ನ ಮೊದಲ ಚೀಟಿಯಲ್ಲಿ ಬರೀ ‘ಎರಡು ವರ್ಷ’ ಅಂತಿತ್ತು. ಅದು ಕೆಟ್ಟ ಅಳತೆ, ಎರಡು ವರ್ಷದಲ್ಲಿ ಅಧಿಸೂಚನೆಯೇ ಬರದಿರಬಹುದು. ತಿದ್ದಿದ ಚೀಟಿಯಲ್ಲಿ ಮೂರು ಸಾಲು: ಬರೆದು ಮುಗಿಸಿದ ಪರೀಕ್ಷೆ ಮೂರು, ಮನೆಯಿಂದ ತರಿಸಿದ ದುಡ್ಡು ಒಂದೂವರೆ ಲಕ್ಷ, ಮುಂದಿನ ದಾರಿ ಬಿ.ಎಡ್. ಮೊದಲೆರಡರಲ್ಲಿ ಯಾವುದು ಮೊದಲು ತುಂಬಿದರೂ ಮೂರನೆಯದಕ್ಕೆ ಹೊರಡುವುದು. ಕೆಳಗೆ ಅಪ್ಪನ ಸಹಿ.

ಮೂರನೇ ಸಾಲು ಬರೆಯದೆ ಗಡುವು ಹಾಕಿದರೆ ಭಯ ಹೆಚ್ಚುತ್ತದೆಯೇ ಹೊರತು ಓದು ಹೆಚ್ಚುವುದಿಲ್ಲ. ಎರಡನೇ ಸಾಲಿಗಾಗಿ ಕೋಚಿಂಗ್ ಬಿಟ್ಟು ಅರ್ಧ ದಿನ ಡಿಟಿಪಿ ಅಂಗಡಿಯ ಕೆಲಸ ಹಿಡಿದೆ, ತಿಂಗಳಿಗೆ 6 ಸಾವಿರ. ತಿಂಗಳ ಖರ್ಚು ಐದೂವರೆ ಸಾವಿರದೊಳಗೆ ಬರುತ್ತಿದ್ದದ್ದರಿಂದ ಒಂದೂವರೆ ಲಕ್ಷದ ಮಿತಿ ಕೊನೆತನಕ ತುಂಬಲಿಲ್ಲ. ಓದಿಗೆ ಸಿಕ್ಕ ತಾಸು ಅರ್ಧವಾಯಿತು, ಗಟ್ಟಿ ಐದಕ್ಕೆ ಐದೂ ಉಳಿದವು.

ಪಟ್ಟಿ ಬಂದಾಗ ‘ಬರೀ ಎಫ್‌ಡಿಎನಾ, ಕೆಎಎಸ್ ಬರಿಬೇಕಿತ್ತು’ ಅಂದವರಿದ್ದಾರೆ (ಕೆಎಎಸ್ ಅಂದರೆ ಕರ್ನಾಟಕ ಆಡಳಿತ ಸೇವೆ). ಆಗಿನ ವೇತನ ಶ್ರೇಣಿ 27,650ರಿಂದ 52,650. ಮನೆಯ ಸಾಲ ಎಷ್ಟು, ಕಂತು ಎಷ್ಟು ಅಂತ ಚೀಟಿಯ ಹಿಂಬದಿಯಲ್ಲಿ ಮೊದಲೇ ಬರೆದಿದ್ದೆ, ಅದಕ್ಕೆ ಇದು ಸಾಕಿತ್ತು. ಹೋಲಿಕೆ ಶುರುವಾಗುವ ಮೊದಲೇ ‘ಸಾಕು’ ಎಂಬ ಅಂಕಿ ಬರೆದಿಡುವುದರ ಉಪಯೋಗ ಅವತ್ತು ತಿಳಿಯಿತು. ಕೆಎಎಸ್ ಕೂಡ ಬರೆಯುತ್ತೇನೆ, ಹೊಸ ಚೀಟಿಯ ಮೇಲೆ. ಇದರಲ್ಲಿ ಪರೀಕ್ಷೆ ಎರಡೇ, ದುಡ್ಡಿನ ಸಾಲಿನಲ್ಲಿ 40 ಸಾವಿರ, ಸಹಿ ಈ ಸಲ ಹೆಂಡತಿಯದು.